ಸುಣ್ಣ ತಾಗಿದ ಹೆಬ್ಬೆರಳು

"ಇದು ರಕ್ತಾನಾ?" ಎಂದಳು ಜಶೋದಾ.

ಡಾಕ್ಟರ್ ಫಾಲ್ಗುಣಿ ದೇಸಾಯಿ ಸಿರಿಂಜು ಎತ್ತಿಕೊಂಡಳು. ಬಿಳಿ ಬಟ್ಟೆಯ ತುಂಡಿನ ಮೇಲೆ ರೋಗಿಯ ರಕ್ತದ ಒಂದು ಹನಿ ಬಿಟ್ಟಳು. ಆಮೇಲೆ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡು ಪಕ್ಕದಲ್ಲಿ ಇನ್ನೊಂದು ಹನಿ. ಡಾಕ್ಟರದು ಕೆಂಪು. ರೋಗಿಯದು ಕಡು ಚಾಕಲೇಟ್ ಬಣ್ಣ. ಗಾಳಿ ತಾಗಿ ಎರಡು ನಿಮಿಷವಾದರೂ ಅದು ಕೆಂಪಾಗುವ ಮನಸ್ಸು ಮಾಡಲಿಲ್ಲ.

"ಕಳ್ಳಭಟ್ಟಿ ಕುಡಿದವರ ರಕ್ತ ಹೀಗಿರಲ್ಲ ಜಶೋದಾಬೆನ್," ಎಂದಳು ಡಾಕ್ಟರ್. "ಕಂಪನಿಯವರು ಬರೆದುಕೊಟ್ಟ ಚೀಟೀನ ಮಡಚಿ ಒಲೆಗೆ ಹಾಕಿ."

ಹೀರಾಗಂಗಾ ಆರ್ಗ್ಯಾನಿಕ್ಸ್‌ನ ಮೂರನೇ ಗೋದಾಮಿನ ಹಿಂದೆ ನಿನ್ನೆ ಸಂಜೆ ತುಟಿ ನೀಲಿಯಾಗಿ ಬಿದ್ದಿದ್ದ ಕೂಲಿಯಾಳು ಕಾಂತಿ ಪಢಿಯಾರ್ ಕುಡಿದು ಬಿದ್ದಿದ್ದಾನೆಂದು ಕಂಪನಿ ಬರೆದುಕೊಟ್ಟಿತ್ತು. ಹೆಂಡಕ್ಕೆ ನಿಷೇಧವಿರುವ ನಾಡಿನಲ್ಲಿ ಅಷ್ಟು ಸಾಕು, ಬಿದ್ದವನೇ ಅಪರಾಧಿ. ಅಂಕಲೇಶ್ವರದ ಸಬ್ ಇನ್ಸ್‌ಪೆಕ್ಟರ್ ಜಶೋದಾ ವಸಾವಾಗೆ ಆ ಚೀಟಿಯ ಅಕ್ಷರ ತೀರಾ ಅಂದವಾಗಿದೆ ಎನ್ನಿಸಿತ್ತು. ಗಾಬರಿಯಲ್ಲಿ ಬರೆದವರು ಅಷ್ಟು ಅಂದವಾಗಿ ಬರೆಯುವುದಿಲ್ಲ.

"ಬದುಕ್ತಾನಾ?"

"ಅದನ್ನ ನೀವು ಹೇಳಬೇಕು," ಎಂದಳು ಡಾಕ್ಟರ್. "ಬೆಳಗಿನ ಜಾವ ನೀಲಿ ಮದ್ದು ಚುಚ್ಚಿದೆ. ಏಳು ಗಂಟೆಗೆಲ್ಲ ತುಟಿಗೆ ಬಣ್ಣ ಬಂತು, ಹೆಂಡ್ತಿ ಗುರುತು ಹಿಡಿದ, ನೀರು ಕೇಳ್ದ. ಒಂಬತ್ತಕ್ಕೆ ನೋಡಿದ್ರೆ ಮತ್ತೆ ನೀಲಿ. ಆಮ್ಲಜನಕ ಪೂರ್ತಿ ಬಿಟ್ಟಿದ್ದೀನಿ, ಬೆರಳಿಗೆ ಹಾಕಿದ ಕ್ಲಿಪ್ಪು ಎಂಬತ್ತೈದು ಬಿಟ್ಟು ಮೇಲೇಳ್ತಿಲ್ಲ."

"ಅಂದ್ರೆ?"

"ವಿಷ ಇನ್ನೂ ಒಳಗೆ ಹೋಗ್ತಾ ಇದೆ. ಬಟ್ಟೆ ಬಿಚ್ಚಿಸಿ ಸುಡಿಸಿದೆ. ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿ ತೊಳೆಸಿದೆ. ಎಲ್ಲಿಂದ ಹೋಗ್ತಿದೆ ಅಂತ ನನಗೆ ಗೊತ್ತಾಗ್ತಿಲ್ಲ." ಡಾಕ್ಟರ್ ಒಂದು ಬೆರಳು ಎತ್ತಿದಳು. "ಮದ್ದು ಇನ್ನೊಂದೇ ಒಂದು ಸಲ ಕೊಡಬಹುದು. ಅದರ ಮೇಲೆ ಕೊಟ್ರೆ ಆ ಮದ್ದೇ ವಿಷದ ಕೆಲಸ ಮಾಡುತ್ತೆ. ಆ ಕಾರ್ಖಾನೆಯಲ್ಲಿ ತಯಾರಾಗೋ ರಾಸಾಯನಿಕ ಪುಡಿ ಬಲ್ಲವರು ಯಾರಾದ್ರೂ ಇದ್ರೆ ಕಳಿಸಿ. ಅದರಲ್ಲಿ ಏನೇನು ಬೆರೆತಿದೆ ಅಂತ ನನಗೆ ತಿಳೀಬೇಕು."

ಮಂಚದ ಪಕ್ಕದಲ್ಲಿ ನೆಲದ ಮೇಲೆ ಕಾಂತಿಯ ಹೆಂಡತಿ ಹಂಸಾ ಕೂತಿದ್ದಳು. ಸೆರಗಿನ ತುದಿಯಲ್ಲಿ ಏನನ್ನೋ ಮುಷ್ಟಿ ಹಿಡಿದಿದ್ದಳು. ಜಶೋದಾ ನೋಡಿದ ಕೂಡಲೇ ಮುಷ್ಟಿ ಮಡಿಲಿಗೆ ಇಳಿಯಿತು.

"ಅವರು ಕುಡಿಯಲ್ಲ ಸಾಹೇಬ್," ಎಂದಳು. "ನಮ್ಮ ಮಕ್ಕಳ ಆಣೆ. ಮಾವಾ ಒಂದು ಬಿಟ್ರೆ ಬೇರೆ ಚಟಾನೇ ಇಲ್ಲ."

"ಮಾವಾನ ಚಟ ಅಂತಾರಾ ತಾಯಿ, ಅದು ಊಟ," ಎಂದ ಹೆಡ್ ಕಾನ್‌ಸ್ಟೇಬಲ್ ಭೂಪತ್‌ಸಿಂಹ ಬಾಗಿಲಲ್ಲಿ ನಿಂತು. ಅವನ ಅಂಗೈಯಲ್ಲೂ ಅದೇ ಕೆಲಸ ನಡೆದಿತ್ತು. ಅಡಿಕೆ ಚೂರು, ತಂಬಾಕು, ಮೇಲೊಂದು ಬೆರಳು ಸುಣ್ಣ, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದ. ಡಾಕ್ಟರ್ ಒಂದು ನೋಟ ಬೀರಿದಳು. ಭೂಪತ್ ಅಂಗೈ ಮುಚ್ಚಿ ಜೀಪಿನ ಕಡೆ ನಡೆದ.

*

ಹೀರಾಗಂಗಾದ ಗೇಟಿನ ಒಳಗೋಡೆಗೆ ಒಂದು ಉದ್ದನೆಯ ಹಲಗೆ. ಹಲಗೆಯ ತುಂಬ ಮೊಳೆ, ಪ್ರತಿ ಮೊಳೆಯ ಮೇಲೂ ಒಂದು ನಂಬರು. ಒಳಗೆ ಮಾವಾ ಒಯ್ಯಬಾರದೆಂಬುದು ಕಂಪನಿಯ ಕಾನೂನು. ಹಾಗಾಗಿ ಕೂಲಿಯಾಳುಗಳೆಲ್ಲ ತಂತಮ್ಮ ಪೊಟ್ಟಣವನ್ನು ತಂತಮ್ಮ ಮೊಳೆಗೆ ನೇತುಹಾಕಿ ಒಳಗೆ ಹೋಗುತ್ತಾರೆ. ಚಿನ್ನದ ಸರ ಬಿಟ್ಟು ಹೋದರೂ ಕದ್ದಾರು, ಪಕ್ಕದವನ ಮಾವಾ ಮಾತ್ರ ಯಾರೂ ಮುಟ್ಟರು.

"ಹದಿನೇಳು ಯಾಕೆ ಖಾಲಿ?" ಎಂದಳು ಜಶೋದಾ.

"ಕಾಂತಿದು," ಎಂದ ಗೇಟಿನ ಕಾವಲುಗಾರ. "ಬೆಳಿಗ್ಗೆ ಆರೂವರೆಗೆ ದಲಸುಖ್ ಮಾಛಿ ತಗೊಂಡು ಹೋದ. ಆಸ್ಪತ್ರೆಗೆ ಕೊಟ್ಟು ಬರ್ತೀನಿ ಅಂದ. ಜೊತೆಗಾರ ಅಲ್ವಾ ಸಾಹೇಬ್."

ಆ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಬಿತ್ತು. ಅರ್ಧ ಗಂಟೆಯ ನಂತರ ಅದಕ್ಕಾಗಿ ಅವಳು ತನ್ನನ್ನೇ ಬೈದುಕೊಳ್ಳಬೇಕಾಯಿತು.

ಗೋದಾಮಿನ ಮ್ಯಾನೇಜರ್ ವ್ರಜಲಾಲ್ ಕೋರಾಟ್ ಕೈಮುಗಿದು ಎದುರು ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆಗೆ ಚಂದನ, ನಾಲಿಗೆಗೆ ಜೇನು. ಅವನ ಹಿಂದೆ ಲಾರಿಯೊಂದು ಬಾಯಿ ತೆರೆದು ನಿಂತಿತ್ತು. ಒಳಗೆ ನೀಲಿ ಡ್ರಮ್ಮುಗಳು ಆಗಲೇ ಸಾಲುಗಟ್ಟಿದ್ದವು.

"ಬನ್ನಿ ಬೆನ್, ಮೊದ್ಲು ಚಹಾ."

"ಮೊದ್ಲು ಡ್ರಮ್ಮು," ಎಂದಳು ಜಶೋದಾ. "ಒಂದನ್ನ ತೆಗೆಸಿ. ಲಾರಿ ಹೊರಡೋದು ಬೇಡ."

"ಶನಿವಾರ ಸೀಲ್ ಆಗಿರೋ ಮಾಲು. ಮೆಷಿನ್ನೇ ತುಂಬೋದು, ಮನುಷ್ಯರ ಕೈ ತಾಗೋದೇ ಇಲ್ಲ. ತೆಗೆದ್ರೆ ಗಾಳಿ ತಾಗಿ ಕೆಡುತ್ತೆ."

"ಒಂದು ಕೆಟ್ರೆ ಕೆಡ್ಲಿ."

ಗೋದಾಮಿನ ಒಳಗೆ ಕತ್ತಲೆ, ತಂಪು. ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿದಿದ್ದರು. ಅಲ್ಲಿ ಒಂದು ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದವಳು ಪ್ರಯೋಗಾಲಯದ ನಿರುಪಮಾ ತ್ರಿವೇದಿ. ಐವತ್ತರ ಆಸುಪಾಸು, ನರೆತ ಜಡೆ, ಮಣಿಕಟ್ಟಿನವರೆಗೆ ಬಿಳಿ ಹತ್ತಿಯ ಗವಸು. ಇಡೀ ಕಾರ್ಖಾನೆಯಲ್ಲಿ ಪೊಲೀಸರನ್ನು ಕಂಡು ಮುಖ ತಿರುಗಿಸದವಳು ಅವಳೊಬ್ಬಳೇ. ಜಶೋದಾಗೆ ನೋಡಿದ ಕೂಡಲೇ ಹಿಡಿಸಿದಳು.

"ಗವಸಿಲ್ಲದೆ ಮುಟ್ಟಬೇಡಿ ಬೆನ್," ಎಂದು ತನ್ನ ಜೇಬಿನಿಂದಲೇ ಒಂದು ಜೊತೆ ತೆಗೆದುಕೊಟ್ಟಳು. "ಮೂಗು ಬಾಯಿಗೂ ಕಟ್ಕೊಳ್ಳಿ. ಈ ಪುಡಿಗಳು ನನ್ನ ಚರ್ಮಕ್ಕೆ ಆಗಲ್ಲ. ಮೂವತ್ತು ವರ್ಷದಿಂದ ಗವಸು ಬಿಚ್ಚಿಲ್ಲ. ಮನೇಲಿ ರೊಟ್ಟಿ ತಟ್ಟುವಾಗ್ಲೂ ಹಾಕ್ಕೊಂಡಿರ್ತೀನಾ ಅಂತ ಎಲ್ರೂ ರೇಗಿಸ್ತಾರೆ."

"ಇದೇನು ಪುಡಿ?"

"ಪ್ಯಾರಾ ಅಮೈನೋ ಫಿನಾಲ್. ನಮ್ಮವರ ಬಾಯಲ್ಲಿ ಪ್ಯಾಪ್. ಇದಕ್ಕೆ ಇನ್ನೊಂದು ದ್ರಾವಣ ಸೇರಿಸಿದ್ರೆ ಜ್ವರದ ಮಾತ್ರೆ. ನಿಮ್ಮ ಮನೆ ಡಬ್ಬೀಲೂ ಇರುತ್ತೆ, ಪ್ಯಾರಾಸಿಟಮಾಲ್. ಇದು ಇನ್ನೂ ಹಿಟ್ಟು, ಅದು ರೊಟ್ಟಿ ಅಂದುಕೊಳ್ಳಿ. ರೊಟ್ಟಿ ಜ್ವರ ಇಳಿಸುತ್ತೆ. ಹಿಟ್ಟು ಹೊಟ್ಟೆಗೆ ಹೋದ್ರೆ ರಕ್ತ ಉಸಿರು ಹೊರೋದನ್ನೇ ಮರೆತುಬಿಡುತ್ತೆ."

ಚಾಕಲೇಟ್ ಬಣ್ಣದ ಹನಿಗೆ ಹೆಸರು ಸಿಕ್ಕಿತು.

ಭೂಪತ್ ಸೀಲ್ ಮುರಿದ. ಒಳಗೆ ಕಪ್ಪು ಚೀಲ, ಅದರೊಳಗೆ ತಿಳಿ ಪ್ಲಾಸ್ಟಿಕ್ ಚೀಲ. ಪುಡಿ ಕರ್ಪೂರದಷ್ಟು ಬೆಳ್ಳಗಿತ್ತು.

"ತಾಜಾ ಇದ್ದಾಗ ಹೀಗೇ ಬಿಳಿ," ಎಂದಳು ನಿರುಪಮಾ. "ಗಾಳಿ, ಬೆಳಕು ತಾಗಿದ್ರೆ ಮೊದ್ಲು ಗುಲಾಬಿ, ದಿನ ಕಳೆದ ಹಾಗೆ ಕಂದು. ಅದಕ್ಕೇ ಡ್ರಮ್ಮಲ್ಲಿ ಸಾರಜನಕ ತುಂಬಿ ಕತ್ತಲಲ್ಲಿ ಇಡೋದು. ತೇವ ತಾಗಬಾರದು. ಕಂದಾದ ಮಾಲನ್ನ ಸುಡೋಕೆ ಕಳಿಸಬೇಕು, ಮಾತ್ರೆಗೆ ಹಾಕೋ ಹಾಗಿಲ್ಲ."

"ಇದು ಬಿಳಿ ಇದೆಯಲ್ಲ, ಇನ್ನೇನು ಬೇಕು?" ಎಂದ ಕೋರಾಟ್.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಜಶೋದಾಳ ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಜಶೋದಾ ಟಾರ್ಚಿನ ಬೆಳಕು ಬಿಟ್ಟು ತಿಳಿ ಚೀಲದ ಗಂಟು ಕಟ್ಟಿದ ಜಾಗವನ್ನು ಒಳಮೈ ಹೊರಗೆ ಮಾಡಿ ನೋಡಿದಳು. ಅಲ್ಲಿ ಒಂದು ಗುರುತಿತ್ತು. ಹೆಬ್ಬೆರಳಿನ ಗುರುತು. ಗೆರೆಗೆರೆಯಾಗಿ, ಕಪ್ಪಿಗೆ ತಿರುಗಿದ ನೇರಳೆ ಬಣ್ಣದಲ್ಲಿ.

"ಮನುಷ್ಯರ ಕೈ ತಾಗಲ್ಲ ಅಂದ್ರಿ."

ಕೋರಾಟ್ ಕೆಮ್ಮಿದ. "ಚೀಲ ಮಾಡೋ ಕಂಪನೀಲಿ ಯಾರೋ ಮುಟ್ಟಿರಬೇಕು."

"ಈ ಬಣ್ಣ ಯಾವುದು ನಿರುಪಮಾಬೆನ್? ಗುಲಾಬಿ ಹೇಳಿದ್ರಿ, ಕಂದು ಹೇಳಿದ್ರಿ. ನೇರಳೆ ಹೇಳಲಿಲ್ಲ."

ನಿರುಪಮಾ ಬಗ್ಗಿ ನೋಡಿದಳು. "ನೋಡಬೇಕು. ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷೆ ಮಾಡಿದ್ರೆ ಸಂಜೆ ಹೊತ್ತಿಗೆ ಹೇಳಬಲ್ಲೆ." ಆಮೇಲೆ ಧ್ವನಿ ತಗ್ಗಿಸಿ ಕೇಳಿದಳು, "ಕಾಂತಿ ಹೇಗಿದ್ದಾನೆ?"

"ಒಂದು ಮದ್ದಿನ ದೂರದಲ್ಲಿದ್ದಾನೆ. ಪುಡಿ ಬಲ್ಲವರನ್ನ ಕಳಿಸಿ ಅಂತ ಡಾಕ್ಟರ್ ಕೇಳಿದ್ದಾರೆ."

"ನಾನೇ ಹೋಗ್ತೀನಿ," ಎಂದಳು ನಿರುಪಮಾ ತಕ್ಷಣ. "ಪಾಪ, ಒಳ್ಳೆ ಹುಡುಗ. ನನಗಿಂತ ಈ ಪುಡಿ ಬಲ್ಲವರು ಇಲ್ಲಿ ಯಾರಿದ್ದಾರೆ?"

ಜಶೋದಾ ಅವಳನ್ನು ತನ್ನದೇ ಜೀಪಿನಲ್ಲಿ ಕೂರಿಸಿ ಕಳಿಸಿದಳು. ಎದೆಯ ಮೇಲಿನ ಭಾರ ಅರ್ಧ ಇಳಿದ ಹಾಗಾಯಿತು.

*

ಬಣ್ಣದ ಒಗಟಿಗೆ ಸಂಜೆಯವರೆಗೆ ಕಾಯುವ ಸಹನೆ ಜಶೋದಾಗಿರಲಿಲ್ಲ. ಕಾಯುವ ಅಗತ್ಯವೂ ಬೀಳಲಿಲ್ಲ. ಭೂಪತ್ ಬಾಗಿಲ ಹೊರಗೆ ನಿಂತು ಮತ್ತೆ ಅಂಗೈ ತಿಕ್ಕುತ್ತಿದ್ದ. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸುಣ್ಣ ಮೆತ್ತಿತ್ತು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಇದನ್ನು ಕಲಿಯಲು ಯಾವ ಹೆಣ್ಣುಮಗಳೂ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ.

"ಭೂಪತ್‌ಭಾಯ್, ನಿಮ್ಮ ಸುಣ್ಣದ ಡಬ್ಬಿ ಕೊಡಿ. ಕೋರಾಟ್‌ಭಾಯ್, ಈಗ ತರಿಸಿ ನಿಮ್ಮ ಚಹಾ. ಜೊತೆಗೆ ಒಂದು ಬಿಳಿ ಟೈಲ್ಸು. ಗೋದಾಮಿನ ಆಳುಗಳೆಲ್ಲ ಇಲ್ಲಿ ಬರ್ಲಿ."

ಆಳುಗಳು ಏಳು ಮಂದಿ. ಗೋಡೆಗೊರಗಿ ಸಾಲಾಗಿ ನಿಂತರು. ಜಶೋದಾ ಟೈಲ್ಸಿನ ಮೇಲೆ ಎರಡು ಚಿಟಿಕೆ ಪುಡಿ ಬೇರೆ ಬೇರೆ ಇಟ್ಟು ಎರಡಕ್ಕೂ ನೀರು ಹನಿಸಿದಳು. ಒಂದಕ್ಕೆ ಮಾತ್ರ ಕಡ್ಡಿಯ ತುದಿಯಲ್ಲಿ ಸುಣ್ಣ ಮುಟ್ಟಿಸಿದಳು. ಆಮೇಲೆ ಚಹಾವನ್ನು ಬಸಿಗೆ ಹುಯ್ದುಕೊಂಡು, ಊದಿಕೊಂಡು ಕುಡಿಯಲು ಕೂತಳು. ಬಸಿ ಅರ್ಧವಾಗುವಾಗ ಸುಣ್ಣದ ಅಂಚು ಕೆಂಪೇರಿತು. ಬಸಿ ಖಾಲಿಯಾಗುವಾಗ ಅದು ನೇರಳೆಯಾಗಿ, ಕಪ್ಪಿಗೆ ತಿರುಗುತ್ತಿತ್ತು. ಸುಣ್ಣವಿಲ್ಲದ ಚಿಟಿಕೆ ಬೆಳ್ಳಗೇ ಕೂತಿತ್ತು.

"ಈ ಡ್ರಮ್ಮಿನ ಗಂಟು ಕಟ್ಟಿದವನ ಹೆಬ್ಬೆರಳಲ್ಲಿ ಸುಣ್ಣ ಇತ್ತು," ಎಂದಳು ಜಶೋದಾ. "ಆ ಬಣ್ಣ ಸೋಪಿಗೆ ಹೋಗಲ್ಲ. ಚರ್ಮ ಸುಲಿದು ಹೊಸದು ಬರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಲಿನ ಕೊನೆಯಲ್ಲಿದ್ದ ದಲಸುಖ್ ಮಾಛಿ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

"ತೋರಿಸು ದಲಸುಖ್."

"ಬೇಡ ಸಾಹೇಬ್."

"ತೋರಿಸೋ ಮಾರಾಯ," ಎಂದ ಭೂಪತ್, ಕೈ ಹಿಡಿದೆಳೆದು. ಹೆಬ್ಬೆರಳು ಉಗುರಿನ ಬುಡದವರೆಗೆ ನೇರಳೆ.

"ಅವನಿಗೆ ಬುದ್ಧಿ ಇಲ್ಲ ಬೆನ್," ಎಂದ ಕೋರಾಟ್ ನಡುವೆ ಬಂದು. "ಅವನ ಮಾತು ಕೇಳಬೇಡಿ."

"ಅವನಿನ್ನೂ ಮಾತೇ ಆಡಿಲ್ಲ. ನಿಮಗ್ಯಾಕೆ ಅವಸರ?"

ದಲಸುಖ್ ಕೋರಾಟನನ್ನು ನೋಡಿದ. ಆಮೇಲೆ ತನ್ನ ಬೆರಳನ್ನು ನೋಡಿಕೊಂಡ. ನಲವತ್ತು ದಾಟಿದ ಗಂಡಸು, ತುಟಿ ಕಚ್ಚಿಕೊಂಡು ಅಳತೊಡಗಿದ.

"ಹಳೇ ಮಾಲು ಸಾಹೇಬ್. ನಲವತ್ತು ಡ್ರಮ್ಮು, ಕಾಫಿ ಪುಡಿ ಹಂಗೆ ಕಂದಾಗಿತ್ತು. ಸುಡೋಕೆ ಕಳಿಸಬೇಕಿತ್ತು. ಇವರು ತೊಳೆದು ಬಿಳಿ ಮಾಡಿಸಿದ್ರು. ನಾನು, ಕಾಂತಿ, ಇಬ್ರೇ. ಮೂರು ದಿನ. ಒಣಗಿಸಿ, ತುಂಬಿ, ಗಂಟು ಕಟ್ಟಿದ್ವಿ. ಗವಸು ಕೊಡಲಿಲ್ಲ, ಮೂಗಿಗೆ ಕಟ್ಟೋಕೆ ಬಟ್ಟೇನೂ ಕೊಡಲಿಲ್ಲ. ಪುಡಿ ಹಾರ್ತಿತ್ತು."

"ಒಳಗೆ ಮಾವಾ ತಿಂದ್ರಾ?"

"ಗೇಟಿನ ಮೊಳೆಗೆ ಒಂದು ಪೊಟ್ಟಣ, ಸೊಂಟದಲ್ಲಿ ಇನ್ನೊಂದು. ಎಲ್ರೂ ಹಂಗೇ ಮಾಡೋದು." ಮಿಕ್ಕ ಆರು ಮಂದಿ ನೆಲ ನೋಡಿದರು. "ಅದೇ ಕೈಯಲ್ಲಿ ತಿಕ್ಕಿ ತಿಂತಿದ್ವಿ. ನನ್ನದು ದಿನಕ್ಕೆ ಎರಡು. ಕಾಂತೀದು ಇಪ್ಪತ್ತು. ನಿನ್ನೆ ಸಂಜೆ ತಲೆ ಸುತ್ತುತ್ತೆ ಅಂದ, ಬಿದ್ದ. ಕುಡಿದಿದ್ದ ಅಂತ ಇವರು ಬರೆಸಿದ್ರು. ನನ್ನ ಕೈಯಲ್ಲೂ ಸಹಿ ಹಾಕಿಸಿಕೊಂಡ್ರು."

ಜಶೋದಾ ಕೋರಾಟನ ಕಡೆ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು. "ಎಳೆ ಮಕ್ಕಳ ಜ್ವರದ ಔಷಧಿಗೆ ಹೋಗೋ ಮಾಲು ಇದು. ನಾಚಿಕೆ ಆಗಲಿಲ್ವಾ?"

"ಬಣ್ಣ ಕೆಟ್ಟಿತ್ತು, ಸರಿ ಮಾಡಿದ್ವಿ," ಎಂದ ಕೋರಾಟ್. ಜೇನು ಬತ್ತಿತ್ತು. "ನಾನು ಗೋದಾಮು ಕಾಯೋನು. ಮಾಲು ಚೆನ್ನಾಗಿದೆ ಅಂತ ಸಹಿ ಹಾಕೋದು ನನ್ನ ಕೆಲಸ ಅಲ್ಲ."

"ಯಾರ ಕೆಲಸ?"

"ಡ್ರಮ್ಮಿನ ಮೇಲೆ ಚೀಟಿ ಇದೆ. ಓದ್ಕೊಳ್ಳಿ."

ಜಶೋದಾ ಡ್ರಮ್ಮಿನ ಕಡೆ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಕಾವಲುಗಾರನ ಮಾತು ತಲೆಯೊಳಗೆ ಎದ್ದು ಕೂತಿತು. ಹದಿನೇಳನೇ ಮೊಳೆ. ಹಂಸಾಳ ಸೆರಗಿನ ಮುಷ್ಟಿ.

"ದಲಸುಖ್, ಬೆಳಿಗ್ಗೆ ಆಸ್ಪತ್ರೆಗೆ ಕಾಂತಿ ಮಾವಾ ಒಯ್ದಿದ್ಯಲ್ಲ, ಅದರಲ್ಲಿ ಏನಿತ್ತು?"

"ಮಾವಾನೇ ಸಾಹೇಬ್. ಗೇಟಿನ ಪೊಟ್ಟಣ, ಒಳಗೆ ಬಂದಿದ್ದೇ ಅಲ್ಲ. ಪುಡಿ ಸೋಕಿಲ್ಲ ಅಂತ್ಲೇ ಒಯ್ದೆ. ಹಂಸಾಭಾಭಿ ಕೇಳಿದ್ಲು, ಎದ್ದ ಕೂಡ್ಲೇ ಬೇಕು ಅಂತಾನೆ ಅಂದ್ಲು."

ಜಶೋದಾ ಆಗಲೇ ಫೋನು ಒತ್ತಿದ್ದಳು.

*

"ಡಾಕ್ಟರ್, ಅವನ ಬಾಯಿ ನೋಡಿ. ದವಡೆ ಸಂದೀಲಿ."

ಫೋನಿನಲ್ಲಿ ಚಪ್ಪಲಿಯ ಸದ್ದು, ಬಾಗಿಲಿನ ಸದ್ದು. ಆಮೇಲೆ ಡಾಕ್ಟರ್ ಫಾಲ್ಗುಣಿ ಹಲ್ಲು ಕಚ್ಚಿಕೊಂಡು ಬೈದದ್ದು ಕೇಳಿಸಿತು.

"ಇದೆ. ಎಡಗಡೆ, ನೆಲ್ಲಿಕಾಯಿಯಷ್ಟು. ತೆಗೆದೆ, ತೊಳೀತಿದ್ದೀನಿ. ಈ ಹೆಂಗಸು ನನ್ನ ಕಣ್ಣು ತಪ್ಪಿಸಿ ಇಟ್ಟಿದ್ದಾಳೆ."

ಹಿಂದಿನಿಂದ ಹಂಸಾ ಗೋಳಾಡುತ್ತಿದ್ದಳು.

"ಪೊಟ್ಟಣ ಅವಳ ಸೆರಗಲ್ಲಿದೆ, ಬಿಚ್ಚಿ ನೋಡಿ."

"ಬಿಚ್ಚಿದೆ. ಅಡಿಕೆ, ತಂಬಾಕು. ಮೇಲೆ ಬಿಳಿ ಪುಡಿ."

"ಬಿಳೀನಾ? ಸರಿಯಾಗಿ ನೋಡಿ. ನೇರಳೆ ಅಲ್ಲ?"

"ಸಕ್ಕರೆ ಹಾಗೆ ಬಿಳಿ. ಸುಣ್ಣ ತಾಗಿದ ಕಡೆ ಮಾತ್ರ ಕಪ್ಪಾಗಿದೆ, ಮೇಲೆಲ್ಲ ಒಣಗಿ ಹಾಗೇ ಇದೆ. ಸಾಕಷ್ಟಿದೆ ಜಶೋದಾಬೆನ್. ಕೈಗೆ ಮೆತ್ತಿದ್ದಲ್ಲ, ಚಮಚದಲ್ಲಿ ಸುರಿದದ್ದು. ಮದ್ದು ಕೆಳಗಡೆ ಇದೆ, ತರೋಕೆ ಓಡ್ತಿದ್ದೀನಿ. ಇದೇ ಕೊನೇದು. ಫೋನು ಅವಳ ಕೈಗೆ ಕೊಡ್ತೀನಿ, ಹೊರಗೆ ಬಂದು ಮಾತಾಡ್ತಾಳೆ."

ಜಶೋದಾ ಟೈಲ್ಸನ್ನು ನೋಡಿದಳು. ಒಂದು ಬಸಿ ಚಹಾ ಮುಗಿಯುವಷ್ಟರಲ್ಲಿ ಕಪ್ಪಾಗುವ ಪುಡಿ, ಹಸಿ ಸುಣ್ಣದ ಮಾವಾದಲ್ಲಿ ರಾತ್ರಿಯೆಲ್ಲ ಇದ್ದಿದ್ದರೆ ಒಂದು ಕಣವೂ ಬೆಳ್ಳಗೆ ಉಳಿಯುತ್ತಿರಲಿಲ್ಲ. ಇದು ಗೇಟಿನ ಮೊಳೆಯಲ್ಲಿ ಬೆರೆತದ್ದಲ್ಲ. ಈ ಬೆಳಿಗ್ಗೆ, ಆಸ್ಪತ್ರೆಯೊಳಗೆ ಬೆರೆಸಿದ್ದು.

ನಿನ್ನೆ ಕಾಂತಿ ಬಿದ್ದದ್ದು ತನ್ನ ಚಟದಿಂದ. ಇಂದು ಅವನು ಸಾಯುತ್ತಿರುವುದು ಇನ್ನೊಬ್ಬರ ಕೈಯಿಂದ.

"ಹಂಸಾಬೆನ್, ಅಳಬೇಡ. ಬೈಯಲ್ಲ. ಪೊಟ್ಟಣ ನಿನ್ನ ಕೈಬಿಟ್ಟು ಎಲ್ಲಾದ್ರೂ ಇತ್ತಾ?"

"ಕಿಟಕಿ ಮೇಲಿಟ್ಟಿದ್ದೆ ಸಾಹೇಬ್. ಎಂಟೂವರೆಗೆ ಕಾರ್ಖಾನೆ ಬೆನ್ ಬಂದ್ರು. ರಾತ್ರಿಯಿಂದ ಏನೂ ತಿಂದಿಲ್ಲ ನೀನು, ಹೋಗಿ ಚಹಾ ಕುಡಿದು ಬಾ, ನಾನು ಕೂತಿರ್ತೀನಿ ಅಂದ್ರು. ದೇವರಂಥೋರು. ಬಂದ ಮೇಲೆ, ಒಂದು ಚೂರು ಅವನ ಮಾವಾ ಬಾಯಿಗಿಡು, ಗೆಲುವಾಗ್ತಾನೆ, ಡಾಕ್ಟರಿಗೆ ಹೇಳಬೇಡ ಅಂದ್ರು."

"ಯಾವ ಬೆನ್? ಹೆಸರೇನು?"

"ಹೆಸರು ಗೊತ್ತಿಲ್ಲ. ಕೈಗೆ ಬಿಳಿ ಗವಸು ಹಾಕ್ಕೊಂಡಿದ್ರು."

ಜಶೋದಾ ಡ್ರಮ್ಮನ್ನು ತನ್ನ ಕಡೆ ತಿರುಗಿಸಿದಳು. ಚೀಟಿಯ ಕೆಳಗೆ, ಪರೀಕ್ಷಿಸಿದವರು ಎಂಬಲ್ಲಿ, ಅಂದವಾದ ದುಂಡು ಅಕ್ಷರ. ಕಾಂತಿ ಕುಡಿದಿದ್ದ ಎಂದು ಬರೆದ ನಿನ್ನೆಯ ಚೀಟಿಯದ್ದೂ ಅದೇ ಅಕ್ಷರ. ಎನ್. ತ್ರಿವೇದಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯನ್ನು ಜೀಪಿನಲ್ಲಿ ಕೂರಿಸಿ ಕಳಿಸಿದವಳು ಅವಳೇ.

"ಭೂಪತ್‌ಭಾಯ್, ಗಾಡಿ," ಎಂದು ಕೂಗಿದಳು. ಗಾಡಿ ಇರಲಿಲ್ಲ.

"ಹಂಸಾ, ಕೇಳು. ಆ ಬೆನ್ ಮತ್ತೆ ಬಂದ್ರೆ ಒಳಗೆ ಬಿಡಬೇಡ. ಬಾಗಿಲಿಗೆ ಅಡ್ಡ ನಿಲ್ಲು. ಕೂಗು, ಜನ ಸೇರಿಸು."

"ಈಗಷ್ಟೇ ಬಂದ್ರಲ್ಲ ಸಾಹೇಬ್, ನಿಮ್ಮ ಜೀಪಲ್ಲೇ," ಎಂದಳು ಹಂಸಾ. "ನೀವೇ ಕಳಿಸಿದ್ದು ಅಂದ್ರು. ನೀನು ಹೊರಗೆ ಮಾತಾಡ್ತಿರು, ನಾನು ಕಾಂತಿ ಹತ್ರ ಇರ್ತೀನಿ ಅಂತ ಒಳಗೆ ಹೋದ್ರು."

ಫೋನಿನಲ್ಲಿ, ಅವಳ ಬೆನ್ನ ಹಿಂದೆ ಎಲ್ಲೋ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.